ಎನ್‌ಬಿಎ ತಂಡಗಳಿಗೆ ನಿಮ್ಮದೇ ರೇಟಿಂಗ್: ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಕಳೆದ ಸೀಸನ್‌ನಿಂದ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್ ಮೇಲೆ ಸಣ್ಣ ಮೊತ್ತದ ಬಾಜಿ ಕಟ್ಟುತ್ತಿದ್ದೇನೆ. ಗೆಲುವು-ಸೋಲು ನೋಡಿ 30 ತಂಡಗಳಿಗೂ ಎಕ್ಸೆಲ್‌ನಲ್ಲಿ ರೇಟಿಂಗ್ ಮಾಡಿಕೊಂಡಿದ್ದೇನೆ. ಆದರೆ ಬೆಟ್ಟಿಂಗ್ ಆ್ಯಪ್ ಕೊಡುವ ಸ್ಪ್ರೆಡ್‌ಗೂ ನನ್ನ ಲೆಕ್ಕಕ್ಕೂ ತಾಳೆಯೇ ಆಗುತ್ತಿಲ್ಲ. ಎಲ್ಲಿ ತಪ್ಪಿದೆ? ಮೈಸೂರಿನಲ್ಲಿರುವ ನನ್ನ ಬಾಮೈದ ಕೂಡ ಇದರಲ್ಲಿ ಸೇರಬೇಕು ಅಂತಿದ್ದಾನೆ. ಸೇರಬಹುದೇ?

ಉತ್ತರ: ಮೊದಲು ಆ ಗೆಲುವು-ಸೋಲಿನ ಕಾಲಂ ತೆಗೆದುಬಿಡಿ. ಸ್ಪ್ರೆಡ್ ಎಂದರೆ ಯಾವ ತಂಡ ಎಷ್ಟು ಅಂಕದ ಅಂತರದಿಂದ ಗೆಲ್ಲಬಹುದು ಎಂಬ ಅಂದಾಜು. ಹಾಗಾಗಿ ರೇಟಿಂಗ್ ಕೂಡ ಅಂಕಗಳಲ್ಲೇ ಇರಬೇಕು. 2015-16ರ ಸೀಸನ್ ನೆನಪಿಸಿಕೊಳ್ಳಿ. ಗೋಲ್ಡನ್ ಸ್ಟೇಟ್ ವಾರಿಯರ್ಸ್ 73 ಪಂದ್ಯ ಗೆದ್ದು ದಾಖಲೆ ಮಾಡಿತು. ಸ್ಯಾನ್ ಆಂಟೋನಿಯೊ ಸ್ಪರ್ಸ್ ಗೆದ್ದದ್ದು 67. ಆರು ಗೆಲುವಿನ ವ್ಯತ್ಯಾಸ ದೊಡ್ಡದು ಅನಿಸುತ್ತದೆ, ಅಲ್ವಾ? ಆದರೆ ಪಂದ್ಯಕ್ಕೆ ಸರಾಸರಿ ಅಂತರ (ಗಳಿಸಿದ ಅಂಕದಿಂದ ಬಿಟ್ಟುಕೊಟ್ಟ ಅಂಕ ಕಳೆದದ್ದು) ವಾರಿಯರ್ಸ್‌ಗೆ 10.8, ಸ್ಪರ್ಸ್‌ಗೆ 10.6. ಬಲದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಗೆಲುವು ಎಣಿಸುವವರಿಗೆ ಇದು ಕಾಣುವುದೇ ಇಲ್ಲ.

ಸರಾಸರಿ ಅಂತರ ಸಿಕ್ಕ ಮೇಲೆ, ಆ ತಂಡ ಆಡಿದ ಎದುರಾಳಿಗಳ ರೇಟಿಂಗ್‌ನ ಸರಾಸರಿಯನ್ನು ಅದಕ್ಕೆ ಕೂಡಿ. ಒಂದು ತಂಡದ ಅಂತರ +4, ಅದರ ಎದುರಾಳಿಗಳ ಸರಾಸರಿ +1 ಆದರೆ ರೇಟಿಂಗ್ +5. ಇಲ್ಲೊಂದು ತೊಡಕಿದೆ. ಎದುರಾಳಿಯ ರೇಟಿಂಗ್ ಬೇಕಾದರೆ ಅವರ ಎದುರಾಳಿಗಳದ್ದೂ ಬೇಕು. ಅದಕ್ಕೆ ಮೊದಲ ಸುತ್ತಿನಲ್ಲಿ ಬರೀ ಅಂತರವನ್ನೇ ರೇಟಿಂಗ್ ಅಂದುಕೊಂಡು ಲೆಕ್ಕ ಮಾಡಿ. ಬಂದ ಉತ್ತರ ಇಟ್ಟುಕೊಂಡು ಮತ್ತೊಮ್ಮೆ ಮಾಡಿ. ಅಂಕಿಗಳು ಅಲುಗಾಡುವುದು ನಿಲ್ಲುವವರೆಗೂ ಹೀಗೇ ಮಾಡುತ್ತಾ ಹೋಗಿ. ಎಕ್ಸೆಲ್‌ಗೆ ಇದು ಕ್ಷಣದ ಕೆಲಸ.

ಸೀಸನ್ ಶುರುವಿನಲ್ಲಿ ಮಾತ್ರ ಈ ಅಂಕಿಗಳನ್ನು ನಂಬಬೇಡಿ. ಎನ್‌ಬಿಎಯಲ್ಲಿ ಒಂದು ಪಂದ್ಯದ ಫಲಿತಾಂಶ, ಅಂದಾಜಿಗಿಂತ ಹತ್ತು-ಹನ್ನೆರಡು ಅಂಕ ಆಚೀಚೆ ಹೋಗುವುದು ತೀರಾ ಮಾಮೂಲು. ಐದು ಪಂದ್ಯದ ಸರಾಸರಿಯಲ್ಲೂ ಸುಮಾರು 5 ಅಂಕದಷ್ಟು ಏರುಪೇರು ಬರೀ ಅದೃಷ್ಟದ್ದಾಗಿರಬಹುದು. 25 ಪಂದ್ಯ ಆದ ಮೇಲೆ ಅದು ಎರಡೂವರೆಗೆ ಇಳಿಯುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲಿ ಹಳೆಯ ಸೀಸನ್‌ನ ರೇಟಿಂಗ್‌ನಿಂದ ಶುರು ಮಾಡಿ. ಪೂರ್ತಿ ಬೇಡ, ಮೂರರಲ್ಲಿ ಎರಡು ಪಾಲು ಸಾಕು. ಪಂದ್ಯಗಳು ಕಳೆದಂತೆ ಹೊಸದರ ತೂಕ ಹೆಚ್ಚಿಸುತ್ತಾ ಹೋಗಿ. ನನ್ನ ಶೀಟ್‌ನಲ್ಲಿ ಹಳೆಯದಕ್ಕೆ 15 ಪಂದ್ಯದಷ್ಟು ತೂಕ ಕೊಡುತ್ತೇನೆ. ಅಂದರೆ ಹದಿನೈದನೇ ಪಂದ್ಯ ಮುಗಿದಾಗ ಹಳೆಯದು ಅರ್ಧ, ಹೊಸದು ಅರ್ಧ.

ಇಷ್ಟಾದರೂ ಹಳೆಯ ರೇಟಿಂಗ್ ಪೆಟ್ಟು ಕೊಡುವುದುಂಟು. ಡೆಟ್ರಾಯ್ಟ್ ಪಿಸ್ಟನ್ಸ್ 2023-24ರಲ್ಲಿ ಸತತ 28 ಪಂದ್ಯ ಸೋತಿತ್ತು. ಇಡೀ ಸೀಸನ್‌ನಲ್ಲಿ ಗೆದ್ದದ್ದು 14. ಮರು ವರ್ಷ ಅದೇ ತಂಡ 44 ಗೆದ್ದಿತು. ಕೋಚ್ ಬದಲಾದಾಗ, ಹೊಸ ಆಟಗಾರರು ಬಂದಾಗ ಹಳೆಯ ಅಂಕಿಯನ್ನು ಕೈಯಾರೆ ತಿದ್ದಲೇಬೇಕು. ಸೀಸನ್ ನಡುವೆಯೂ ಹೀಗಾಗುತ್ತದೆ. 2025ರ ಫೆಬ್ರವರಿ ಆರಂಭದಲ್ಲಿ ಡಲ್ಲಾಸ್ ತಂಡ ತನ್ನ ತಾರೆ ಲೂಕಾ ಡಾನ್ಚಿಚ್‌ರನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಬಿಟ್ಟುಕೊಟ್ಟಿತು. ಅಲ್ಲಿಂದ ಆಂಥನಿ ಡೇವಿಸ್ ಬಂದರು. ಒಂದೇ ರಾತ್ರಿಯಲ್ಲಿ ಎರಡೂ ತಂಡಗಳ ಹಳೆಯ ರೇಟಿಂಗ್ ಬೆಲೆ ಕಳೆದುಕೊಂಡಿತು.

ನಿಮ್ಮ ಸಮಯವನ್ನು ಜಾಸ್ತಿ ಕೊಡಬೇಕಾದ ಕಡೆ ಇದೇ. ಇವತ್ತು ಯಾರು ಆಡುತ್ತಾರೆ, ಎಷ್ಟು ನಿಮಿಷ ಆಡುತ್ತಾರೆ? ಅಂಗಳದಲ್ಲಿ ಐದೇ ಜನ ಇರುವ ಆಟ ಇದು. ತಾರೆ ಆಟಗಾರ ನಿಕೊಲಾ ಯೊಕಿಚ್ ಇಲ್ಲದ ಡೆನ್ವರ್ ಬೇರೆಯದೇ ತಂಡ. ಹಾಗಾಗಿ ಪ್ರತಿ ತಂಡದ ಎಂಟು-ಒಂಬತ್ತು ಮುಖ್ಯ ಆಟಗಾರರಿಗೆ, ಅವರು ಆಡದೆ ಕೂತರೆ ತಂಡ ಎಷ್ಟು ಅಂಕ ಕಳೆದುಕೊಳ್ಳುತ್ತದೆ ಅಂತ ಬರೆದಿಡಿ. ಪ್ರತಿ ಪಂದ್ಯಕ್ಕೂ ತಂಡಗಳು ಗಾಯಾಳುಗಳ ವರದಿ ಕೊಡಲೇಬೇಕು. ಅದನ್ನು ನೋಡದೆ ಒಂದು ಡಾಲರ್ ಕೂಡ ಕಟ್ಟಬೇಡಿ.

ತವರು ಅಂಗಳದ ಲಾಭಕ್ಕೆ ಹಿಂದೆ 3 ಅಂಕ ಕೊಡುತ್ತಿದ್ದರು. ಈಗ ಎರಡು, ಎರಡೂವರೆ ಸಾಕು. ಸಮುದ್ರ ಮಟ್ಟದಿಂದ 1,600 ಮೀಟರ್ ಎತ್ತರದ ಡೆನ್ವರ್‌ಗೆ ಸ್ವಲ್ಪ ಹೆಚ್ಚು ಕೊಡಿ. ನಿನ್ನೆ ಆಡಿ ಇವತ್ತೂ ಆಡುವ ತಂಡದಿಂದ ಸ್ವಲ್ಪ ಕಳೆಯಿರಿ.

ಈಗ ಅಸಲಿ ವಿಷಯ. ಅತಿಥಿ ತಂಡ +6, ತವರು ತಂಡ +1 ಅಂದುಕೊಳ್ಳಿ. ವ್ಯತ್ಯಾಸ 5. ತವರಿನ ಎರಡೂವರೆ ಕಳೆದರೆ ಅತಿಥಿ ತಂಡ ಎರಡೂವರೆ ಅಂಕದಿಂದ ಗೆಲ್ಲಬೇಕು ಅಂತ ನಿಮ್ಮ ಲೆಕ್ಕ. ಆ್ಯಪ್‌ನಲ್ಲಿ ನಾಲ್ಕೂವರೆ ಇದೆ. ಅಂದರೆ ತವರು ತಂಡ ಗೆದ್ದರೂ, ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಅಂಕದಿಂದ ಸೋತರೂ ಅದರ ಮೇಲೆ ಕಟ್ಟಿದವರಿಗೆ ಗೆಲುವು. ಎರಡು ಅಂಕ ಸಿಕ್ಕಿತು ಅಂತ ತವರು ತಂಡದ ಮೇಲೆ ಹಣ ಕಟ್ಟುವ ಆಸೆಯಾಗುತ್ತದೆ. ನಿಮ್ಮ ಅಂಕಿ ಪೂರ್ತಿ ಸರಿಯಾಗಿದ್ದರೆ ಗೆಲ್ಲುವ ಸಾಧ್ಯತೆ ಸುಮಾರು ಶೇ 56. ಆದರೆ ಎದುರಿಗಿರುವ ಅಂಕಿಯ ಹಿಂದೆಯೂ ಬುದ್ಧಿವಂತರಿದ್ದಾರೆ. ಸತ್ಯ ಇಬ್ಬರ ನಡುವೆ ಎಲ್ಲೋ ಇದೆ ಅಂದುಕೊಂಡರೆ ಶೇ 53ಕ್ಕೆ ಇಳಿಯುತ್ತದೆ. 100 ಡಾಲರ್ ಗೆಲ್ಲಲು 110 ಕಟ್ಟುವ ಮಾಮೂಲು ದರದಲ್ಲಿ, ಅಸಲು ಉಳಿಯುವುದಕ್ಕೇ ಶೇ 52.4 ಗೆಲ್ಲಬೇಕು. ಎರಡು ಅಂಕದ ವ್ಯತ್ಯಾಸದಲ್ಲಿ ಉಳಿಯುವುದು ಇಷ್ಟೇ ಇಷ್ಟು. ನಿಮ್ಮ ಲೆಕ್ಕಕ್ಕೂ ಸ್ಪ್ರೆಡ್‌ಗೂ ಏಳೆಂಟು ಅಂಕದ ವ್ಯತ್ಯಾಸ ಬಂದರೆ ಖುಷಿಪಡಬೇಡಿ. ನಿಮಗೆ ಗೊತ್ತಿಲ್ಲದ ಗಾಯದ ಸುದ್ದಿ ಇರಬಹುದು, ಮೊದಲು ಅದನ್ನು ಹುಡುಕಿ.

ಆದ್ದರಿಂದ ನನ್ನ ಕೋರಿಕೆ ಇಷ್ಟು: ಒಂದು ಇಡೀ ಸೀಸನ್ ಹಣ ಕಟ್ಟದೆ ಬರೀ ಕಾಗದದ ಮೇಲೆ ಆಡಿ. ಆ್ಯಪ್ ತೆರೆಯುವ ಮೊದಲೇ ನಿಮ್ಮ ಅಂಕಿ ಬರೆದಿಡಿ, ಇಲ್ಲವಾದರೆ ಕೈ ತನಗೆ ಗೊತ್ತಿಲ್ಲದೆ ಅದರ ಕಡೆಗೇ ವಾಲುತ್ತದೆ. ಪಂದ್ಯ ಶುರುವಾಗುವ ಹೊತ್ತಿನ ಕೊನೆಯ ಸ್ಪ್ರೆಡ್ ಕೂಡ ಬರೆದಿಡಿ. ಮೇಲಿನ ಉದಾಹರಣೆಯಲ್ಲಿ ನಾಲ್ಕೂವರೆ ಇದ್ದದ್ದು ಮೂರೂವರೆಗೆ, ಅಂದರೆ ನಿಮ್ಮ ಅಂಕಿಯ ಕಡೆಗೆ ಬಂದರೆ ನಿಮ್ಮ ಲೆಕ್ಕದಲ್ಲಿ ಹುರುಳಿದೆ. ನೂರಾರು ಪಂದ್ಯಗಳಲ್ಲಿ ಹೀಗಾಗದಿದ್ದರೆ ಹಣ ಜೇಬಿನಲ್ಲೇ ಇರಲಿ. ಕಳೆದದ್ದನ್ನು ವಾಪಸ್ ಪಡೆಯಲು ಇನ್ನೂ ಹೆಚ್ಚು ಕಟ್ಟಬೇಕು ಅನಿಸಿದ ದಿನವೇ ನಿಲ್ಲಿಸಿ, ಮನೆಯವರ ಹತ್ತಿರ ಮಾತಾಡಿ. ನಾಚಿಕೆಯ ವಿಷಯ ಅಲ್ಲ ಅದು.

ಇನ್ನು ನಿಮ್ಮ ಬಾಮೈದನ ವಿಷಯ. ನ್ಯೂಜೆರ್ಸಿಯಲ್ಲಿ 21 ದಾಟಿದವರಿಗೆ ಇದು ಕಾನೂನುಬದ್ಧ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದಾರಿ ತೆರೆದದ್ದೂ ನಿಮ್ಮ ರಾಜ್ಯ ಹೂಡಿದ ಹೋರಾಟದಲ್ಲೇ. ಭಾರತದಲ್ಲಿ ಹಾಗಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅವರು ಅಲ್ಲಿಂದ ಕಟ್ಟುವುದು ಬೇಡ, ನಿಮ್ಮ ಖಾತೆಗೆ ಅವರ ಹಣ ಹಾಕುವುದೂ ಬೇಡ.

ಲೆಕ್ಕದಲ್ಲಿ ಮಾತ್ರ ಧಾರಾಳವಾಗಿ ಸೇರಲಿ. ಚಳಿಗಾಲದಲ್ಲಿ ನಿಮ್ಮ ಸಂಜೆ 7ರ ಪಂದ್ಯ ಮೈಸೂರಿನಲ್ಲಿ ಬೆಳಿಗ್ಗೆ ಐದೂವರೆಗೆ ಶುರು. ಪಶ್ಚಿಮ ಕರಾವಳಿಯ ಪಂದ್ಯ ಮುಗಿಯುವಾಗ ನಿಮಗೆ ನಡುರಾತ್ರಿ, ಅಲ್ಲಿ ಬೆಳಿಗ್ಗೆ ಹನ್ನೊಂದು. ನೀವು ಎದ್ದು ಕಾಫಿ ಮಾಡುವ ಹೊತ್ತಿಗೆ 30 ತಂಡಗಳ ಹೊಸ ರೇಟಿಂಗ್ ಶೀಟ್‌ನಲ್ಲಿ ತುಂಬಿರುತ್ತದೆ.