ಪದಕಗಳನ್ನು ಕೊನೆಯಿಂದ ಓದಿ

ಓದುಗರ ಪತ್ರ: ಕಾರ್ಗಿಲ್ ಬಗ್ಗೆ ನೀವು ಬರೆದ ಲೇಖನದಲ್ಲಿ ಏರ್ ಮಾರ್ಷಲ್ ವಿನೋದ್ ಪಟ್ನಿ ಅವರ ಹೆಸರಿನ ಮುಂದೆ ‘ಎಸ್‌ವೈಎಸ್‌ಎಂ, ಪಿವಿಎಸ್‌ಎಂ, ಎವಿಎಸ್‌ಎಂ, ವಿಆರ್‌ಸಿ’ ಎಂದು ಹಾಕಿದ್ದೀರಿ. ವಿಆರ್‌ಸಿ ಅಂದರೆ ವೀರಚಕ್ರ ಅಲ್ವಾ? ಅದು ಕೊನೆಯಲ್ಲಿ ಯಾಕಿದೆ? ಅಚ್ಚಿನ ತಪ್ಪೇ? ಇಂಥ ಹಿರಿಯ ಅಧಿಕಾರಿಗಳ ಫೋಟೋ ನೋಡಿದರೆ ಎದೆ ತುಂಬ ಸಾಲು ಸಾಲು ಬಣ್ಣದ ಪಟ್ಟಿಗಳು. ಅಷ್ಟು ಯುದ್ಧ ನಮ್ಮ ದೇಶ ಮಾಡಿದ್ದೇ ಇಲ್ಲ. ಹುದ್ದೆ ಏರಿದ ಹಾಗೆ ಪದಕ ಸುಮ್ನೆ ಬರುತ್ತದೆಯೇ? ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯನವರಿಗೆ ಸಿಕ್ಕಿದ್ದು ಒಂದೇ ಮಹಾವೀರ ಚಕ್ರ, ಅದೂ ಎಷ್ಟೋ ವರ್ಷದ ಮೇಲೆ. ಕೆಲವರ ಹೆಸರಿನ ಕೊನೆಗೆ ‘ಎಡಿಸಿ’ ಅಂತಲೂ ಇರುತ್ತದೆ. ಅದು ಯಾವ ಪದಕ?

ಸಂಪಾದಕರ ಉತ್ತರ:

ಅಚ್ಚಿನ ತಪ್ಪಲ್ಲ. ಸರ್ಕಾರ ಇಟ್ಟಿರುವ ಕ್ರಮವೇ ಹಾಗಿದೆ. ಆ ಕ್ರಮ ನಿಮಗೆ ವಿಚಿತ್ರ ಅನಿಸಿದ್ದರೆ ನಿಮ್ಮ ಪಕ್ಷದಲ್ಲಿ ನಾನೂ ಇದ್ದೇನೆ.

ಮೊದಲು ಫೋಟೋದ ಲೆಕ್ಕ ಮುಗಿಸೋಣ. ಎದೆಯ ಮೇಲಿನ ಪಟ್ಟಿಗಳಲ್ಲಿ ಜಾಸ್ತಿ ಪಾಲು ಶೌರ್ಯಕ್ಕೆ ಸಿಕ್ಕಿದ್ದಲ್ಲ. 9 ವರ್ಷ, 20 ವರ್ಷ, 30 ವರ್ಷ ಕಳಂಕವಿಲ್ಲದೆ ಸೇವೆ ಮಾಡಿದವರಿಗೆ ಒಂದೊಂದು ಪದಕ ಇದೆ. ಸ್ವಾತಂತ್ರ್ಯದ 25ನೇ ವರ್ಷ 1972ರಲ್ಲಿ, 50ನೇ ವರ್ಷ 1997ರಲ್ಲಿ ಸೇವೆಯಲ್ಲಿದ್ದವರಿಗೆಲ್ಲ ಪದಕ ಸಿಕ್ಕಿತು. 75ಕ್ಕೂ ಒಂದು ಬಂದಿದೆ. 1965ರ ಮತ್ತು 1971ರ ಯುದ್ಧಗಳಿಗೆ, ಸಿಯಾಚಿನ್‌ಗೆ, ಎತ್ತರದ ಪ್ರದೇಶದ ಸೇವೆಗೆ, ವಿದೇಶದ ಸೇವೆಗೆ ಬೇರೆ ಬೇರೆ ಇವೆ. ಆ ಜಾಗದಲ್ಲಿ, ಆ ಹೊತ್ತಿನಲ್ಲಿ, ನಿಗದಿಯಾದಷ್ಟು ದಿನ ಇದ್ದವರಿಗೆ ಅವು ಸಿಗುತ್ತವೆ. ಅಡುಗೆಮನೆಯ ಏರ್‌ಮನ್‌ಗೂ ಸಿಗುತ್ತವೆ, ಏರ್ ಮಾರ್ಷಲ್‌ಗೂ ಸಿಗುತ್ತವೆ. ನಾಲ್ಕು ದಶಕ ಕೆಲಸ ಮಾಡಿದವರ ಎದೆ ತುಂಬದೆ ಇನ್ನೇನಾಗುತ್ತದೆ? ಇವುಗಳಲ್ಲಿ ಯಾವುದನ್ನೂ ಹೆಸರಿನ ಮುಂದೆ ಬರೆದುಕೊಳ್ಳುವಂತಿಲ್ಲ. ಹೆಸರಿನ ಮುಂದಿನ ಅಕ್ಷರಗಳು ಒಬ್ಬೊಬ್ಬರನ್ನೇ ಆರಿಸಿ ಕೊಟ್ಟವು. ಆದ್ದರಿಂದ ಪಟ್ಟಿಗಳನ್ನು ಎಣಿಸುವುದು ಬಿಟ್ಟು ಅಕ್ಷರಗಳನ್ನು ನೋಡಿ.

ಈ ಅಕ್ಷರಗಳಲ್ಲೂ ಮೂರು ಬಗೆ. ಶೌರ್ಯದ್ದು ಒಂದು. ಶತ್ರುವಿನ ಎದುರು ತೋರಿದ್ದಕ್ಕೆ ಪರಮವೀರ, ಮಹಾವೀರ, ವೀರ ಚಕ್ರಗಳು. ಶತ್ರು ಎದುರಿಲ್ಲದ ಕಡೆ ತೋರಿದ್ದಕ್ಕೆ ಅಶೋಕ, ಕೀರ್ತಿ, ಶೌರ್ಯ ಚಕ್ರಗಳು. ಎರಡನೆಯದು 1960ರಲ್ಲಿ ಶುರುವಾದ ವಿಶಿಷ್ಟ ಸೇವಾ ಪದಕಗಳು. ಆಗ ಒಂದನೇ, ಎರಡನೇ, ಮೂರನೇ ದರ್ಜೆ ಅನ್ನುತ್ತಿದ್ದರು. 1967ರಲ್ಲಿ ಪರಮ ವಿಶಿಷ್ಟ, ಅತಿ ವಿಶಿಷ್ಟ, ವಿಶಿಷ್ಟ ಅಂತ ಹೆಸರು ಬಂತು. ಅವೇ ಪಿವಿಎಸ್‌ಎಂ, ಎವಿಎಸ್‌ಎಂ, ವಿಎಸ್‌ಎಂ. ಮೂರನೆಯದು ಯುದ್ಧ ಸೇವಾ ಪದಕಗಳು, 1980ರಿಂದ ಇವೆ. ಯುದ್ಧವನ್ನು, ಕಾರ್ಯಾಚರಣೆಯನ್ನು ಚೆನ್ನಾಗಿ ನಡೆಸಿದವರಿಗೆ ಇವು. ಇಲ್ಲಿ ಸರ್ವೋತ್ತಮ ಅನ್ನುವುದು ಎಲ್ಲಕ್ಕಿಂತ ಮೇಲು, ಅದೇ ಎಸ್‌ವೈಎಸ್‌ಎಂ. ಇವಲ್ಲದೆ ವಾಯುಸೇನಾ ಪದಕ, ಅಂದರೆ ವಿಎಂ ಇದೆ. ಅದನ್ನು ಶೌರ್ಯಕ್ಕೂ ಕೊಡುತ್ತಾರೆ, ಕರ್ತವ್ಯನಿಷ್ಠೆಗೂ ಕೊಡುತ್ತಾರೆ. ಹಾಗಾಗಿ ಶೌರ್ಯದ್ದಾದರೆ ಪಕ್ಕದಲ್ಲಿ ‘ಜಿ’ ಅಂತ ಗುರುತು ಹಾಕುವ ರೂಢಿ ಇದೆ. ಫೋಟೋದಲ್ಲಿ ಹುಡುಕಬೇಕು ಅಂದರೆ ಬೂದು ಮತ್ತು ಕಿತ್ತಳೆ ಓರೆಗೆರೆಗಳ ಪಟ್ಟಿ ವಿಎಂದು. ಹೊನ್ನಿನ ಬಣ್ಣದ ಮೇಲೆ ಕಡುನೀಲಿ ಗೆರೆ ಇದ್ದರೆ ವಿಶಿಷ್ಟ ಸೇವೆಯದು. ಅದರಲ್ಲಿ ಗೆರೆ ಕಡಿಮೆ ಇದ್ದಷ್ಟೂ ಪದಕ ದೊಡ್ಡದು: ಪರಮಕ್ಕೆ ಒಂದು, ಅತಿಗೆ ಎರಡು, ಬರೀ ವಿಶಿಷ್ಟಕ್ಕೆ ಮೂರು.

ಈಗ ಪಟ್ನಿ ಅವರ ನಾಲ್ಕು ಪದಕಗಳನ್ನು ಕೊನೆಯಿಂದ ಓದಿ. ವೀರಚಕ್ರ 1965ರದು. ಆಗ ಅವರು ಕಿರಿಯ ಪೈಲಟ್. ಕಾಕ್‌ಪಿಟ್‌ನಲ್ಲಿ ಕೂತು ಗುಂಡಿನ ಎದುರು ಹೋಗಿ ಗಳಿಸಿದ್ದು. ನಡುವಿನ ಎರಡೂ ಪದಕ ಹಿರಿಯ ಹುದ್ದೆಗಳಲ್ಲಿ ಮಾಡಿದ ಸೇವೆಗೆ. ಎಲ್ಲಕ್ಕಿಂತ ಮೊದಲಿರುವ ಸರ್ವೋತ್ತಮ ಯುದ್ಧ ಸೇವಾ ಪದಕ 1999ರ ಕಾರ್ಗಿಲ್‌ನದು. ಮೊದಲ ಯುದ್ಧಕ್ಕೂ ಇದಕ್ಕೂ 34 ವರ್ಷದ ಅಂತರ. ಈ ಸಲ ಅವರ ಕೆಲಸ ಹಾರುವುದಲ್ಲ, ಬೇರೆಯವರನ್ನು ಹಾರಲು ಕಳಿಸುವುದು.

ಆ ಕೆಲಸ ಸಣ್ಣದು ಅಂತ ನೀವು ಅಂದುಕೊಂಡಿದ್ದರೆ 1999ರ ಮೇ ಕೊನೆಯ ವಾರವನ್ನು ನೆನಪಿಸಿಕೊಳ್ಳಿ. ಪಟ್ನಿ ಆಗ ಪಶ್ಚಿಮ ವಾಯು ಕಮಾಂಡ್‌ನ ಮುಖ್ಯಸ್ಥರು. ‘ಸಫೇದ್ ಸಾಗರ್’ ಕಾರ್ಯಾಚರಣೆ ಮೇ 26ರಂದು ಶುರುವಾಯಿತು. ನಿಯಂತ್ರಣ ರೇಖೆ ದಾಟಬಾರದು ಅಂತ ದೆಹಲಿಯ ಕಟ್ಟಪ್ಪಣೆ. ಗುರಿಗಳೋ 15 ಸಾವಿರ ಅಡಿಗೂ ಮೇಲಿನ ಬಂಡೆ ಸಾಲುಗಳು. 27ರಂದು ಎರಡು ಮಿಗ್ ವಿಮಾನಗಳನ್ನು ಕಳೆದುಕೊಂಡೆವು. ಅವುಗಳ ಪೈಲಟ್‌ಗಳಲ್ಲಿ ಅಜಯ್ ಅಹುಜಾ ಪ್ರಾಣ ಕಳೆದುಕೊಂಡರು, ನಚಿಕೇತ ಸೆರೆಯಾದರು. 28ರಂದು ಒಂದು ಎಂಐ-17 ಹೆಲಿಕಾಪ್ಟರ್ ಕ್ಷಿಪಣಿಗೆ ಬಲಿಯಾಯಿತು, ಒಳಗಿದ್ದ ನಾಲ್ವರೂ ತೀರಿಕೊಂಡರು. ಅಲ್ಲಿಂದ ಮುಂದೆ ರೀತಿ ಬದಲಾಯಿತು. ಹೆಲಿಕಾಪ್ಟರ್‌ಗಳನ್ನು ದಾಳಿಯಿಂದ ಹಿಂದೆ ತೆಗೆದರು. ಭುಜದಿಂದ ಹಾರಿಸುವ ಕ್ಷಿಪಣಿಗೆ ಎಟುಕದ ಎತ್ತರಕ್ಕೆ ವಿಮಾನಗಳು ಹೋದವು. ಮಿರಾಜ್ ಯುದ್ಧವಿಮಾನಗಳು ಲೇಸರ್ ಕಿರಣ ಹಿಡಿದು ಗುರಿ ಮುಟ್ಟುವ ಬಾಂಬ್‌ಗಳನ್ನು ಹೊತ್ತು ಬಂದವು. ಮೂರು ದಿನದ ಪೆಟ್ಟು ತಿಂದ ಮೇಲೂ ಕೈಚೆಲ್ಲದೆ, ಹಟಕ್ಕೂ ಬೀಳದೆ, ದಾರಿ ಬದಲಿಸುವ ಹೊಣೆ ಇಂಥ ಕುರ್ಚಿಗಳ ಮೇಲೆ ಇರುತ್ತದೆ. ಯುದ್ಧ ಸೇವಾ ಪದಕ ಇರುವುದು ಅದಕ್ಕೆ.

ಅದೇ ಕಾರ್ಗಿಲ್‌ನಲ್ಲಿ ಅಹುಜಾ ಅವರಿದ್ದ 17ನೇ ಸ್ಕ್ವಾಡ್ರನ್‌ನ ನಾಯಕ ಬಿ.ಎಸ್. ಧನೋವಾ. ರಾತ್ರಿ ಹೊತ್ತು ಮಿಗ್-21 ಹಾರಿಸಿ ಬೆಟ್ಟಗಳ ನಡುವೆ ಬಾಂಬ್ ಹಾಕಿದವರು. ಅವರಿಗೆ ಬಂದಿದ್ದು ಯುದ್ಧ ಸೇವಾ ಪದಕ ಮತ್ತು ವಾಯುಸೇನಾ ಪದಕ. ಮುಂದೆ ಅವರು ವಾಯುಪಡೆಯ ಮುಖ್ಯಸ್ಥರಾದರು. ಆ ಹೊತ್ತಿಗೆ ಎವಿಎಸ್‌ಎಂ, ಪಿವಿಎಸ್‌ಎಂ ಕೂಡ ಸೇರಿ, ಕಾರ್ಗಿಲ್‌ನ ಎರಡೂ ಪದಕ ಹಿಂದಕ್ಕೆ ಸರಿದವು. ಬಹುಪಾಲು ಹಿರಿಯರ ಕಥೆ ಹೀಗೇ. ಮುಂದಿನ ಅಕ್ಷರಗಳು ಕಮಾಂಡರ್‌ನದು, ಹಿಂದಿನವು ಪೈಲಟ್‌ನದು.

ನನ್ನ ತಕರಾರು ಇರುವುದು ಇಲ್ಲೇ. ಅಧಿಕೃತ ಪಟ್ಟಿಯಲ್ಲಿ ಪಿವಿಎಸ್‌ಎಂ ಇರುವುದು ಮಹಾವೀರ ಚಕ್ರಕ್ಕಿಂತ ಮೇಲೆ. ಎವಿಎಸ್‌ಎಂ ಇರುವುದು ವೀರಚಕ್ರಕ್ಕಿಂತ ಮೇಲೆ. ಇದು ಪದಕ ಧರಿಸುವ ಕ್ರಮ ಮಾತ್ರ, ಧೈರ್ಯದ ಅಳತೆಯಲ್ಲ ಅಂತ ಸಮರ್ಥನೆ ಕೊಡುತ್ತಾರೆ. ಶೌರ್ಯ ಪದಕಕ್ಕೆ ತಿಂಗಳ ಭತ್ಯೆ ಇದೆ, ಪಿವಿಎಸ್‌ಎಂಗೆ ಇಲ್ಲ ಅನ್ನುವುದೂ ನಿಜ. ಆದರೆ ನೋಡುವವರ ಕಣ್ಣು ಮೊದಲ ಪಟ್ಟಿಯ ಮೇಲೇ ಬೀಳುತ್ತದೆ. ಅಂಥ ಜಾಗವನ್ನು ಆಡಳಿತದ ಪದಕಕ್ಕೆ ಕೊಟ್ಟು ಯುದ್ಧದಲ್ಲಿ ಗಳಿಸಿದ್ದನ್ನು ಹಿಂದೆ ಇಡುವುದು ನನಗಂತೂ ಸರಿ ಕಾಣುವುದಿಲ್ಲ. ‘ಪಿವಿಎಸ್‌ಎಂ ಕುರ್ಚಿಯ ಜತೆಗೇ ಬರುತ್ತದೆ’ ಅನ್ನುವ ಗೊಣಗಾಟ ಸೇನೆಯ ಒಳಗೇ ಇದೆ. ಅದರಲ್ಲಿ ಸ್ವಲ್ಪ ಹುರುಳಿದೆ. ಕಮಾಂಡ್‌ಗಳ ಮುಖ್ಯಸ್ಥರ ಹೆಸರುಗಳನ್ನು ತೆಗೆದು ನೋಡಿ, ಪಿವಿಎಸ್‌ಎಂ ಇಲ್ಲದವರು ಸಿಗುವುದು ಅಪರೂಪ.

ಅಕ್ಷರಗಳ ಸಂಖ್ಯೆಯನ್ನೂ ನಂಬಬೇಡಿ. ಏರ್ ಮಾರ್ಷಲ್‌ಗಿಂತ ಎಷ್ಟೋ ಮೇಲಿನ ‘ಮಾರ್ಷಲ್ ಆಫ್ ದಿ ಇಂಡಿಯನ್ ಏರ್ ಫೋರ್ಸ್’ ಪದವಿ ಪಡೆದವರು ಅರ್ಜನ್ ಸಿಂಗ್ ಒಬ್ಬರೇ. ಅವರ ಹೆಸರಿನ ಮುಂದಿದ್ದ ಸೇನಾ ಪದಕ ಒಂದೇ ಒಂದು, ಡಿಎಫ್‌ಸಿ, ಅಂದರೆ ಬ್ರಿಟಿಷರ ಕಾಲದ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್. 1944ರಲ್ಲಿ ಇಂಫಾಲ್ ಕದನದ ಹೊತ್ತಿನಲ್ಲಿ ಮೌಂಟ್‌ಬ್ಯಾಟನ್ ಕೈಯಿಂದ ಪಡೆದಿದ್ದು. 1965ರ ಯುದ್ಧದಲ್ಲಿ ವಾಯುಪಡೆಯನ್ನು ನಡೆಸಿದ್ದಕ್ಕೆ ಪದ್ಮವಿಭೂಷಣ ಬಂತು. ಯುದ್ಧ ಸೇವಾ ಪದಕಗಳು ಆಗ ಹುಟ್ಟಿಯೇ ಇರಲಿಲ್ಲ.

ದೇವಯ್ಯನವರ ವಿಷಯ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳ ಜತೆ ಅವರು ಹೋಗಿದ್ದು ಮೀಸಲು ಪೈಲಟ್ ಆಗಿ. ಪಾಕಿಸ್ತಾನದ ಸ್ಟಾರ್‌ಫೈಟರ್ ಅಡ್ಡ ಬಂತು. ಅದು ಇವರ ವಿಮಾನಕ್ಕಿಂತ ಎಷ್ಟೋ ವೇಗದ್ದು. ಆದರೂ ತಿರುಗಿ ನಿಂತು ಅದನ್ನು ಕೆಡವಿದರು. ತಾವೂ ವಾಪಸ್ ಬರಲಿಲ್ಲ. ಶೌರ್ಯ ಪದಕಕ್ಕೆ ಶಿಫಾರಸು ಶುರುವಾಗುವುದು ಘಟಕದ ಮುಖ್ಯಸ್ಥರಿಂದ. ಅವರು ಬರೆಯಬೇಕಾದರೆ ಯಾರಾದರೂ ನೋಡಿರಬೇಕು. ಈ ಕಾಳಗವನ್ನು ನಮ್ಮವರು ಯಾರೂ ನೋಡಿರಲಿಲ್ಲ. ವಿವರ ಹೊರಬಂದಿದ್ದು ವರ್ಷಗಳ ಮೇಲೆ, ಅದೂ ಪಾಕಿಸ್ತಾನದ ಕಡೆಯಿಂದ. 1988ರಲ್ಲಿ, 23 ವರ್ಷ ಕಳೆದ ಮೇಲೆ, ಮಹಾವೀರ ಚಕ್ರ ಬಂತು. ಇನ್ನೂ ಬದುಕಿ ಏರ್ ಮಾರ್ಷಲ್ ಆಗಿದ್ದರೆ ಅದರ ಹಿಂದೆ ಮುಂದೆ ಬೇರೆ ಅಕ್ಷರಗಳು ಸೇರುತ್ತಿದ್ದವು. ಎಷ್ಟು ಸೇರಿದರೂ ನಾನು ಮೊದಲು ಓದುತ್ತಿದ್ದದ್ದು ಅದನ್ನೇ.

ಇನ್ನು ಎಡಿಸಿ. ಅದು ಪದಕವೇ ಅಲ್ಲ. ರಾಷ್ಟ್ರಪತಿಗಳ ಗೌರವ ಎಡಿಸಿ (ಏಡ್-ಡಿ-ಕ್ಯಾಂಪ್, ಅಂದರೆ ಸೇನಾ ಸಹಾಯಕ) ಅನ್ನುವ ಸ್ಥಾನ. ಸೇನಾ ಮುಖ್ಯಸ್ಥರಂಥ ಕೆಲವು ಹಿರಿಯರಿಗೆ ಅದು ಹುದ್ದೆಯ ಜತೆ ಬರುತ್ತದೆ, ನಿವೃತ್ತಿಯ ದಿನ ಹೋಗುತ್ತದೆ. ನಿವೃತ್ತರ ಹೆಸರಿನ ಮುಂದೆ ನಾವು ಅದನ್ನು ಹಾಕುವುದಿಲ್ಲ. ಉಳಿದ ಅಕ್ಷರಗಳನ್ನು ಮುಂದಿನ ಸಂಚಿಕೆಯಿಂದ ಬಿಡಿಸಿ, ಪೂರ್ತಿ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ. ಕ್ರಮ ಮಾತ್ರ ಸರ್ಕಾರದ್ದೇ ಇರುತ್ತದೆ, ಅದನ್ನು ಬದಲಿಸುವ ಅಧಿಕಾರ ನನಗಿಲ್ಲ.