ಮಾಂಟೆಸರಿ ಬೋರ್ಡು ಮತ್ತು ಕಿವಿ ಮುಚ್ಚಿಕೊಳ್ಳುವ ಹುಡುಗ

ಪತ್ರ: ನಾಲ್ಕು ವರ್ಷದ ನನ್ನ ಮೊಮ್ಮಗಳು ಪೇಟೆಯ ಮಾಂಟೆಸರಿಗೆ ಹೋಗುತ್ತಾಳೆ. ಈ ವರ್ಷ ಅಲ್ಲಿಗೆ ಆಟಿಸಂ ಇರುವ ಹುಡುಗನೊಬ್ಬನನ್ನು ಸೇರಿಸಿಕೊಂಡಿದ್ದಾರೆ. ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನಂತೆ. ಮಿಸ್ಸಿನ ಗಮನವೆಲ್ಲ ಅವನ ಮೇಲೇ. ನಮ್ಮ ಮಗುವೂ ಈಗ ಮನೆಯಲ್ಲಿ ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಅಂಥ ಮಕ್ಕಳ ಬಗ್ಗೆ ನನಗೆ ಕನಿಕರವಿದೆ. ಆದರೆ ಅವರಿಗೆಂದೇ ಬೇರೆ ಶಾಲೆಗಳಿರುವಾಗ ಎಲ್ಲರನ್ನೂ ಕಲಸುಮೇಲೋಗರ ಮಾಡುವುದೇಕೆ? ನಿಮ್ಮಂಥವರು ಸ್ವಲ್ಪ ಪ್ರಾಕ್ಟಿಕಲ್ ಆಗಿ ಬರೆಯಬೇಕು.
— ಕಾಫಿ ಬೆಳೆಗಾರ, ಮೂಡಿಗೆರೆ (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ:

ಮಾನ್ಯರೇ,

ಕುಯ್ಲಿನ ಗಡಿಬಿಡಿಯ ನಡುವೆ ಎರಡು ಪುಟ ಕೈಬರಹದಲ್ಲಿ ಬರೆದಿದ್ದೀರಿ. ಈ ಕಾಲದಲ್ಲಿ ಅದೇ ದೊಡ್ಡದು. ಜಾಗದ ಅಭಾವದಿಂದ ಪತ್ರವನ್ನು ಕತ್ತರಿಸಿದ್ದೇನೆ, ಕ್ಷಮೆಯಿರಲಿ. ನಿಮ್ಮ ಒಂದು ಮಾತು ಸರಿ: ಒಬ್ಬ ಮಿಸ್ಸು, ಮೂವತ್ತು ಮಕ್ಕಳು, ತರಬೇತಿ ಸೊನ್ನೆ. ಇಂಥ ಕಡೆ ಕಿರುಚುವ ಮಗುವೊಂದು ಬಂದರೆ ಆಕೆಯ ಪಾಡು ನಾಯಿಪಾಡು. ಒಪ್ಪಿದೆ. ಇನ್ನು ಜಗಳಕ್ಕೆ ಬರೋಣ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಮಾಂಟೆಸರಿ’ ಎಂಬ ಶಬ್ದದ ಮೇಲೆ. ಹಾಸನದಲ್ಲಿ ನಮ್ಮ ಕಚೇರಿಯಿಂದ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟರಲ್ಲಿ ಆ ಹೆಸರಿನ ಬೋರ್ಡು ಮೂರು ಸಿಗುತ್ತವೆ. ಮಾರಿಯಾ ಮಾಂಟೆಸರಿ ಎಂಬ ಇಟಲಿಯ ಆ ವೈದ್ಯೆ ಮೊದಲು ಯಾವ ಮಕ್ಕಳಿಗೆ ಕಲಿಸಿದರು, ಗೊತ್ತೇ? ಬುದ್ಧಿಮಾಂದ್ಯರು ಅಂತ ರೋಮಿನ ಶಾಲೆಗಳು ಹೊರಗಿಟ್ಟಿದ್ದ ಮಕ್ಕಳಿಗೆ. ಕಿವುಡ ಮಕ್ಕಳ ನಡುವೆ ದುಡಿದ ಇಟಾರ್, ಬುದ್ಧಿಮಾಂದ್ಯರಿಗೆ ಕಲಿಸಿದ ಸೆಗಾಂ ಎಂಬ ಇಬ್ಬರು ಫ್ರೆಂಚ್ ವೈದ್ಯರ ಬರಹಗಳನ್ನು ಆಕೆ ಕೂತು ಓದಿದರು. ಕೈಯಲ್ಲಿ ಮುಟ್ಟಿ ಕಲಿಯುವ ಸಾಮಾನುಗಳನ್ನು ಮಾಡಿಸಿದರು. ಆ ಮಕ್ಕಳಲ್ಲಿ ಕೆಲವರು ಸಾಮಾನ್ಯ ಶಾಲೆಯವರ ಪರೀಕ್ಷೆಯನ್ನೇ ಬರೆದು ಪಾಸಾದರೆಂದು ಅವರೇ ಬರೆದುಕೊಂಡಿದ್ದಾರೆ. ಬೇರೆ ಮಕ್ಕಳಿಗೆ ಅದೇ ವಿಧಾನ ಬಂದದ್ದು ಆಮೇಲೆ, 1907ರ ಜನವರಿ 6ರಂದು, ಸ್ಯಾನ್ ಲೊರೆಂಜೊ ಎಂಬ ಕೂಲಿಕಾರರ ಕೇರಿಯಲ್ಲಿ. ಅಂದರೆ ನಿಮ್ಮ ಮೊಮ್ಮಗಳು ಜೋಡಿಸುವ ಮರದ ಅಚ್ಚುಗಳೂ ಮಣಿಗಳೂ ಮೊದಲು ಆ ಹುಡುಗನಂಥವರ ಸೊತ್ತು. ಅವರ ಮನೆಗೆ ನಾವು ಆಮೇಲೆ ಬಂದ ನೆಂಟರು. ನೆಂಟರಾಗಿ ಬಂದು ಮನೆಯವರನ್ನೇ ಆಚೆ ಹೋಗಿ ಎನ್ನುತ್ತಿದ್ದೇವೆ! ಅದೇ ಹೆಸರಿನ ಬೋರ್ಡಿನಡಿ ಮೂರು ವರ್ಷದ ಮಗುವಿಗೆ ಇಂಟರ್‌ವ್ಯೂ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಿಮ್ಮ ಊರಿನ ಆ ಶಾಲೆಯವರು ಬೋರ್ಡಿಗೆ ತಕ್ಕ ಹಾಗೆ ನಡೆದಿದ್ದಾರೆ. ಅವರಿಗೆ ನನ್ನದೊಂದು ನಮಸ್ಕಾರ ತಿಳಿಸಿ.

‘ಅವರಿಗೆಂದೇ ಬೇರೆ ಶಾಲೆಗಳಿವೆ’ ಎಂದಿರಿ. ಸ್ವಾಮಿ, ಮೂಡಿಗೆರೆಯಿಂದ ನಾಲ್ಕು ವರ್ಷದ ಮಗುವನ್ನು ದಿನಾ ಯಾವ ಬಸ್ಸಿಗೆ ಹತ್ತಿಸುತ್ತೀರಿ? ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆಯಿದೆ, ಒಳ್ಳೆಯ ಸಂಸ್ಥೆ. ಅಲ್ಲಿನ ಶಿಶುಶಾಲೆಯವರಿಗೂ ಮಗು ಕೊನೆಗೆ ಊರಿನ ಶಾಲೆಗೇ ಹೋಗಲಿ ಎಂಬ ಆಸೆ. ಊರಿನ ಶಾಲೆ ಬಾಗಿಲು ಹಾಕಿಕೊಂಡರೆ ಆ ತಾಯಿ ಎಲ್ಲಿಗೆ ಹೋಗಬೇಕು?

ನಾನು ಓದಿದ್ದು ಆಲೂರು ಕಡೆಯ ಹಳ್ಳಿಯಲ್ಲಿ. ನಮ್ಮ ಕ್ಲಾಸಿನಲ್ಲಿ ಪೋಲಿಯೊ ಬಂದ ಹುಡುಗಿಯೊಬ್ಬಳಿದ್ದಳು. ಅವಳ ಅಣ್ಣ ದಿನಾ ಬೆನ್ನಿನ ಮೇಲೆ ಹೊತ್ತು ತರುತ್ತಿದ್ದ. ಮಳೆಗಾಲದಲ್ಲಿ ಗದ್ದೆಬದು ಜಾರಿ ಇಬ್ಬರೂ ತಡವಾಗಿ ಬರುತ್ತಿದ್ದರು. ಮೇಷ್ಟ್ರು ಅಣ್ಣನಿಗೆ ಎರಡೇಟು, ತಂಗಿಗೆ ಒಂದೇಟು ಕೊಡುತ್ತಿದ್ದರು. ಅವಳಿಗೆ ಕಡಿಮೆ ಕೊಟ್ಟದ್ದೇ ಅವರ ಕನಿಕರ. ಮಗ್ಗಿಯಲ್ಲಿ ನನಗಿಂತ ಅವಳೇ ಮುಂದೆ. ನಾಲ್ಕನೇ ಕ್ಲಾಸು ಮುಗಿಸಿದ ಅಣ್ಣ ಪಕ್ಕದ ಊರಿನ ಮಿಡ್ಲ್ ಸ್ಕೂಲಿಗೆ ಹೋದ. ಮಾರನೆಯ ದಿನದಿಂದ ಅವಳು ಬರಲಿಲ್ಲ. ಅವಳು ಯಾಕೆ ಬರಲಿಲ್ಲ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಿಮ್ಮ ಪತ್ರ ಓದಿದ ರಾತ್ರಿ ಅವಳೇ ನೆನಪಾದಳು.

ಈಗಲೂ ಎಷ್ಟು ಬದಲಾಗಿದೆ? ಶ್ರವಣಬೆಳಗೊಳದಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲಿದ್ದರೂ ನಡೆಯಲಾರದ ಅಜ್ಜಿಯರು ಡೋಲಿಯಲ್ಲಿ ಕೂತು ಬಾಹುಬಲಿಯನ್ನು ನೋಡಿ ಬರುತ್ತಾರೆ. ನಮ್ಮ ಎಷ್ಟೋ ಅಂಗನವಾಡಿಗಳ ಮೂರು ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಹಾಕಲು ನಮಗೆ ಸಿಮೆಂಟು ಸಾಲುವುದಿಲ್ಲ.

ಕಾನೂನಿನ ಕಥೆ ಕೇಳಿ. ಶಿಕ್ಷಣ ಹಕ್ಕಿನ 2009ರ ಕಾಯ್ದೆ ಹಿಡಿದದ್ದು 6ರಿಂದ 14 ವರ್ಷದವರನ್ನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿಮಾಡಿತು, ಆಟಿಸಂ ಕೂಡ ಅದರಲ್ಲಿದೆ. ಆದರೆ ಉಚಿತ ಶಿಕ್ಷಣದ ಹಕ್ಕು ಅಲ್ಲೂ 6ರಿಂದ 18ಕ್ಕೆ. ಆರರೊಳಗಿನವರ ವಿಷಯ ಬಂದಾಗ ಸಂವಿಧಾನದ 45ನೇ ವಿಧಿ ‘ಸರ್ಕಾರ ಪ್ರಯತ್ನಿಸತಕ್ಕದ್ದು’ ಎಂದು ಹೇಳಿ ಸುಮ್ಮನಾಗುತ್ತದೆ. 2020ರ ಶಿಕ್ಷಣ ನೀತಿ ಮಾತ್ರ ಮಿದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ತುಂಬುವ ಮೊದಲೇ ಆಗುತ್ತದೆ ಎನ್ನುತ್ತದೆ. ನೆಲ ಹದವಿದ್ದಾಗ ಮನೆಯಲ್ಲಿ ಕೂತು, ಒಣಗಿದ ಮೇಲೆ ನೇಗಿಲು ಹುಡುಕುವ ಬೇಸಾಯ ಇದು. ನೀವು ಬೆಳೆಗಾರರು, ನಿಮಗೆ ಇದನ್ನು ಹೇಳಬೇಕೆ?

ಅಂಗನವಾಡಿಯ ಕಲ್ಪನೆಯೇ ಬೇರೆ ಇತ್ತು. 1940ರ ದಶಕದಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಊರಿನಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್, ಬಡವರ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಕೇರಿಯ ಅಂಗಳಕ್ಕೆ ಒಯ್ದರು. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸರ್ಕಾರದ ಅಂಗನವಾಡಿ ಯೋಜನೆ ಶುರುವಾಯಿತು. ಅಂಗನವಾಡಿಗಳಲ್ಲಿ ವಿಶೇಷಚೇತನ ಮಕ್ಕಳಿಗೆ ಏನು ಮಾಡಬೇಕೆಂದು ಕೇಂದ್ರ ಇಲಾಖೆ ಒಂದು ಮಾರ್ಗಸೂಚಿ ತಂದದ್ದು 2023ರ ನವೆಂಬರಿನಲ್ಲಿ. ನಲವತ್ತೆಂಟು ವರ್ಷ! ಅದನ್ನು ಜಾರಿಗೆ ತರಬೇಕಾದವಳೋ, ಗರ್ಭಿಣಿಯರ ತೂಕ, ಮೊಟ್ಟೆಯ ಲೆಕ್ಕ, ಮೊಬೈಲ್ ಆ್ಯಪು, ಮತದಾರರ ಪಟ್ಟಿ ಎಲ್ಲವನ್ನೂ ಹೊತ್ತ ಕಾರ್ಯಕರ್ತೆ. ಆಕೆಗೆ ಸಿಗುವುದನ್ನು ಸಂಬಳ ಎನ್ನುವುದೂ ಇಲ್ಲ, ‘ಗೌರವಧನ’. ಕೆಲಸ ಬಿಡುವಾಗ ಸಿಗುವ ಇಡುಗಂಟು, ಗ್ರಾಚ್ಯುಟಿ, ಅವರಿಗೂ ಸಲ್ಲಬೇಕು ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ಆದರೂ ಕೆಲವರು ಮಾಡುತ್ತಾರೆ. ಸಕಲೇಶಪುರ ಕಡೆಯ ಒಂದು ತೋಟದ ಪಕ್ಕದ ಅಂಗನವಾಡಿಯಲ್ಲಿ ಹುಡುಗನೊಬ್ಬ ಎರಡು ತಿಂಗಳು ಬಾಯಿಯೇ ಬಿಡಲಿಲ್ಲವಂತೆ. ಮೂಗನೇ ಇರಬೇಕೆಂದು ಟೀಚರ್ ಡಾಕ್ಟರ ಹತ್ತಿರ ಕಳಿಸುವವರಿದ್ದರು. ಒಂದು ದಿನ ಅವನ ತಾಯಿ ಬಾಗಿಲಲ್ಲಿ ನಿಂತು ಏನೋ ಕೂಗಿದಾಗ ಹುಡುಗ ಪಟಪಟ ಮಾತಾಡಿದ. ಅಸ್ಸಾಮಿನಿಂದ ಕುಯ್ಲಿಗೆ ಬಂದವರು. ಕನ್ನಡ ಬಾರದ್ದೇ ಅವನ ‘ಕಾಯಿಲೆ’. ಟೀಚರ್ ಅವತ್ತೇ ‘ಪಾನಿ’ ಕಲಿತರು, ವಾರದೊಳಗೆ ಉಳಿದ ಮಕ್ಕಳೂ ಅವನನ್ನು ‘ಪಾನಿ ಬೇಕಾ’ ಅಂತ ಕೇಳತೊಡಗಿದರು. ನಾನು ಹೋದಾಗ ಅವನು ನನ್ನ ಪೆನ್ನು ಕಿತ್ತುಕೊಂಡು, ಅಪ್ಪಟ ಮಲೆನಾಡಿನ ಧಾಟಿಯಲ್ಲಿ ‘ಕೊಡಲ್ಲ ಹೋಗಿ’ ಅಂದ. ನಿಮ್ಮ ತೋಟದ ಕೂಲಿ ಲೈನಿನಲ್ಲೂ ಇಂಥ ಮಕ್ಕಳಿರಬೇಕಲ್ಲ? 50 ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ಪ್ಲಾಂಟೇಷನ್ ಕಾಯ್ದೆ ಹೇಳಿತ್ತು. ನಿಮ್ಮದು ಸಣ್ಣ ತೋಟ ಅಂತ ಬರೆದಿದ್ದೀರಿ, ಆದ್ದರಿಂದ ಈ ಮಾತು ನಿಮಗಲ್ಲ. ಪಕ್ಕದ ಎಸ್ಟೇಟಿನವರಿಗೆ ಪತ್ರಿಕೆ ಓದಲು ಕೊಡಿ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಪ್ರತಿ ಡಿಸೆಂಬರ್ 3ಕ್ಕೆ, ಅಂಗವಿಕಲರ ದಿನದಂದು, ಗಾಲಿಕುರ್ಚಿ ಹಂಚುವ ಫೋಟೊ ಹಾಕುತ್ತೇವೆ. ಹಂಚುವವರ ಹೆಸರು ಎಡದಿಂದ ಬಲಕ್ಕೆ ಇರುತ್ತದೆ, ಕುರ್ಚಿಯಲ್ಲಿ ಕೂತವರದ್ದು ಇರುವುದಿಲ್ಲ.

ಇನ್ನು ನಿಮ್ಮ ಮೊಮ್ಮಗಳ ಮಿಕ್ಸಿ. ಆ ಹುಡುಗನ ಚಾಳಿ ಹತ್ತಿಕೊಂಡಿತು ಅಂತ ನಿಮ್ಮ ಭಯ. ನನಗೆ ಅದು ಬೇರೆಯೇ ಕಾಣುತ್ತದೆ. ಸದ್ದು ಒಬ್ಬರಿಗೆ ನೋವಾಗಬಹುದು ಅನ್ನುವುದು ಆ ಮಗುವಿಗೆ ನಾಲ್ಕನೇ ವರ್ಷಕ್ಕೇ ತಿಳಿದಿದೆ. ನಿಮಗೂ ನನಗೂ ಇನ್ನೂ ಯಾರಾದರೂ ಪತ್ರ ಬರೆದು ತಿಳಿಸಬೇಕಾಗಿದೆ. ಶಾಲೆಯವರಿಗೆ ಹೇಳಿ, ಆ ಕಬ್ಬಿಣದ ಗಂಟೆ ಬಿಟ್ಟು ಚಪ್ಪಾಳೆ ತಟ್ಟಲಿ. ಬಿಡುವಾದಾಗ ಮಿಸ್ಸಿನ ಜೊತೆಗೆ ಒಬ್ಬ ಆಯಾಳನ್ನು ಇಡಿಸಿ, ಪೋಷಕರೆಲ್ಲ ಸೇರಿ ಸಂಬಳ ಕೊಡಿ. ಇದಕ್ಕಿಂತ ಪ್ರಾಕ್ಟಿಕಲ್ ನನಗೆ ಬಾರದು.

ಎರಡು ಪುಟದ ಪತ್ರವನ್ನು ಮತ್ತೊಮ್ಮೆ ಓದಿದೆ. ಶಾಲೆಯ ಫೀಸು ಎಷ್ಟೆಂದು ಇದೆ, ಮಿಸ್ಸಿನ ಊರು ಯಾವುದೆಂದು ಇದೆ. ಆ ಹುಡುಗನ ಹೆಸರು ಎಲ್ಲೂ ಇಲ್ಲ. ನೀವು ಹಾಕದೆ ಬಿಟ್ಟಿರೋ, ಗೊತ್ತಿಲ್ಲವೋ? ಮೊಮ್ಮಗಳನ್ನು ಕೇಳಿ, ಅವಳಿಗೆ ಗೊತ್ತಿರುತ್ತದೆ.

— ಸಂ.