ಖಾರ ತಿಂದರೆ ಬಾಯಿ ಸುಟ್ಟ ಹಾಗೆ ಯಾಕಾಗುತ್ತದೆ?

ಬಾಯಿ ನಿಜವಾಗಿ ಬಿಸಿಯಾಗಿರುವುದಿಲ್ಲ. ಬಿಸಿಯನ್ನು ಗುರುತಿಸುವ ನರವನ್ನು ಖಾರ ಏಮಾರಿಸುತ್ತದೆ, ಅಷ್ಟೇ.

ಆ ನರದ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಇದೆ. ಪುಟ್ಟ ಬಾಗಿಲು ಅಂದುಕೊಳ್ಳಿ. ಬಿಸಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆಯುತ್ತದೆ. ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ಒಳಗೆ ನುಗ್ಗುತ್ತವೆ. ನರ ‘ಸುಡ್ತಿದೆ’ ಎಂದು ಮೆದುಳಿಗೆ ಸುದ್ದಿ ಕಳಿಸುತ್ತದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಅದೇ ಬಾಗಿಲಿಗೆ ಅಂಟಿಕೊಂಡು, ಬಿಸಿಯಿಲ್ಲದೆಯೇ ತೆರೆದುಬಿಡುತ್ತದೆ. ನಮ್ಮ ಚಿಕ್ಕಮಗಳೂರಿನ ಕಾಳುಮೆಣಸಿನ ಪೈಪರಿನ್ ಕೂಡ ಹಾಗೇ, ಜೋರು ಮಾತ್ರ ಕಮ್ಮಿ.

ಕ್ಯಾಪ್ಸೈಸಿನ್ ಅಂಟಿದ ಬಾಗಿಲಿಗೆ ಸ್ವಲ್ಪ ಬಿಸಿಯೂ ಜಾಸ್ತಿಯೇ. ಸೂಜಿಮೆಣಸಿನ ಚಟ್ನಿ ಜೊತೆ ಅಕ್ಕಿರೊಟ್ಟಿ ತಿಂದು, ಮೇಲೆ ಒಂದು ಗುಟುಕು ಬಿಸಿ ಕಾಫಿ ಕುಡಿದು ನೋಡಿ. ಕಣ್ಣಲ್ಲಿ ನೀರು!

ಈ ಬಾಗಿಲಿನ ಜೀನನ್ನು 1997ರಲ್ಲಿ ಪತ್ತೆ ಮಾಡಿದ್ದು ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ. ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಹಕ್ಕಿಗಳಲ್ಲೂ ಈ ಬಾಗಿಲಿದೆ, ಆದರೆ ಕ್ಯಾಪ್ಸೈಸಿನ್‌ಗೆ ಅದು ಬಗ್ಗುವುದಿಲ್ಲ. ಯಾರೂ ನೆಡದ ಸೂಜಿಮೆಣಸು ಕಾಫಿ ತೋಟದಲ್ಲಿ ತಾನಾಗಿ ಹುಟ್ಟುತ್ತದಲ್ವಾ? ಹಣ್ಣು ತಿಂದು ಬೀಜ ಉದುರಿಸಿ ಹೋಗುವುದು ಅವೇ.